ಜವಾಬ್ದಾರರಲ್ಲ ಎಂಬ ಸಾಲಿಗೆ ಬೆಲೆಯಿಲ್ಲ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡಗಳಲ್ಲಿ ಮೇಲಿನ ಮನೆಯ ಪೈಪು ಒಡೆದು ಕೆಳಗಿನವರ ಹಾಸಿಗೆ, ಲ್ಯಾಪ್‌ಟಾಪ್, ಮಕ್ಕಳ ಪುಸ್ತಕ ನೀರುಪಾಲಾಗುವುದು ಹೊಸದಲ್ಲ. ಆಮೇಲೆ ನಡೆಯುವುದೂ ಹೊಸದಲ್ಲ. ಕಟ್ಟಡದ ಕಾವಲುಗಾರ ನಾತೂರ್ ಮೆಂಟೆನೆನ್ಸ್ ಕಂಪನಿಯತ್ತ ಕೈ ತೋರಿಸುತ್ತಾನೆ, ಕಂಪನಿ ಮಾಲೀಕರತ್ತ ತೋರಿಸುತ್ತದೆ, ಮಾಲೀಕರ ಕಚೇರಿ ಬಾಡಿಗೆ ಕರಾರಿನ ಕೊನೆಯ ಪುಟವನ್ನು ತೋರಿಸುತ್ತದೆ. ಬಾಡಿಗೆದಾರರ ಸಾಮಾನಿಗಾದ ಹಾನಿಗೆ ಮಾಲೀಕರು ಜವಾಬ್ದಾರರಲ್ಲ ಎಂದು ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಪಾರ್ಕಿಂಗ್ ತಾಣದಲ್ಲಿ, ಲಾಂಡ್ರಿಯಲ್ಲಿ, ಜಿಮ್ಮಿನ ಲಾಕರಿನ ಮೇಲೆ ಇದೇ ಸಾಲು ಫಲಕವಾಗಿ ತೂಗುತ್ತದೆ. ಇಲ್ಲಿರುವ ನಮ್ಮ ಕನ್ನಡದ ಜನ ಅದನ್ನು ಓದಿ, ಹಣೆಬರಹ ಎಂದುಕೊಂಡು ಮನೆಗೆ ಹೋಗಿ ನೆಲ ಒರೆಸುತ್ತಾರೆ.

ಇದು ಅನ್ಯಾಯ. ಈ ನೆಲದ ಕಾನೂನೇ ಇದನ್ನು ಒಪ್ಪಿಲ್ಲ.

1985ರ 5ನೇ ಸಂಖ್ಯೆಯ ಫೆಡರಲ್ ಕಾನೂನಾಗಿ ಬಂದ ಯುಎಇಯ ನಾಗರಿಕ ವ್ಯವಹಾರಗಳ ಸಂಹಿತೆಯನ್ನು ಬರೆದವರು ಇಸ್ಲಾಮೀ ನ್ಯಾಯಶಾಸ್ತ್ರದ ಒಂದು ಹಳೆಯ ಸೂತ್ರವನ್ನು 42ನೇ ಕಲಮಿನಲ್ಲಿ ಇಟ್ಟರು. ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು, ಆದ ಹಾನಿಯನ್ನು ನೀಗಬೇಕು ಎಂಬುದು ಅದರ ತಿರುಳು. 282ನೇ ಕಲಂ ಅದನ್ನು ನಿಯಮವಾಗಿಸಿತು: ಇನ್ನೊಬ್ಬರಿಗೆ ಹಾನಿ ಮಾಡಿದವನು, ವಿವೇಚನೆಯ ವಯಸ್ಸಿಗೆ ಬಾರದವನಾದರೂ, ಅದನ್ನು ತುಂಬಿಕೊಡಬೇಕು. ವಿಶೇಷ ಎಚ್ಚರಿಕೆ ಬೇಡುವ ವಸ್ತುಗಳನ್ನೂ ಯಂತ್ರಗಳನ್ನೂ ತನ್ನ ಹತೋಟಿಯಲ್ಲಿ ಇಟ್ಟುಕೊಂಡವನ ಹೊಣೆಯನ್ನು 316ನೇ ಕಲಂ ಹೇಳಿತು. ಇವೆಲ್ಲಕ್ಕಿಂತ ಹಮ್ದಾನ್ ಸ್ಟ್ರೀಟಿನ ಬಾಡಿಗೆದಾರನಿಗೆ ಮುಖ್ಯವಾದದ್ದು 296ನೇ ಕಲಂ. ಹಾನಿಕಾರಕ ಕೃತ್ಯದ ಹೊಣೆಯಿಂದ ತಪ್ಪಿಸಿಕೊಳ್ಳಲು ಹಾಕಿದ ಯಾವ ಷರತ್ತೂ ಅನೂರ್ಜಿತ ಎಂದು ಅದು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿತು. ಕರಾರಿನ ಲೋಪ ಬೇರೆ, ಹಾನಿಕಾರಕ ಕೃತ್ಯ ಬೇರೆ ಎಂದು ಮಾಲೀಕರ ವಕೀಲರು ವಾದಿಸಬಹುದು, ವಾದಿಸಲಿ. ಆರು ತಿಂಗಳಿಂದ ದೂರು ಕೊಟ್ಟರೂ ಬದಲಾಯಿಸದ ಪೈಪು ಒಡೆದು ಕೆಳಗಿನವನ ಮಂಚ ಕೊಳೆತರೆ ಅದು ಬರೀ ಕರಾರಿನ ವಿಷಯವಾಗಿ ಉಳಿಯುವುದಿಲ್ಲ.

2024ರ ಏಪ್ರಿಲ್ 16ರ ಮಳೆಯನ್ನು ಇಲ್ಲಿ ನೆನೆಯಲೇಬೇಕು. ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಮೀರಿ ಸುರಿಯಿತು; 1949ರಲ್ಲಿ ದಾಖಲೆ ಆರಂಭವಾದಂದಿನಿಂದ ಈ ದೇಶ ಅಂಥ ಮಳೆ ಕಂಡಿರಲಿಲ್ಲ. ನೆಲಮಾಳಿಗೆಯ ಕಾರುಗಳು ಮುಳುಗಿದವು, ಚಾವಣಿಗಳು ಸೋರಿದವು. ಪ್ರಕೃತಿ ವಿಕೋಪದಿಂದಾದ ಹಾನಿಗೆ ಹೊಣೆಯಿಲ್ಲ ಎಂದಿದ್ದ ಅದೇ ಸಂಹಿತೆಯ 287ನೇ ಕಲಂ ಅಂದಿನಿಂದ ಮಾಲೀಕರ ಬಾಯಿಪಾಠವಾಗಿದೆ. ಆದರೆ ಆ ಕಲಂ ಕೇಳಿದ್ದ ಪ್ರಶ್ನೆಯೇ ಬೇರೆ: ಹಾನಿ ಆದದ್ದು ಮಳೆಯಿಂದಲೇ, ಅಥವಾ ವರ್ಷಗಟ್ಟಲೆ ಕಸ ತುಂಬಿ ಕಟ್ಟಿಕೊಂಡಿದ್ದ ಚಾವಣಿಯ ನೀರಿನ ಕಂಡಿಯಿಂದಲೇ? ಪಕ್ಕದ ಕಟ್ಟಡ ಸೋರದೆ ಇದು ಮಾತ್ರ ಸೋರಿದ್ದರೆ ಉತ್ತರ ಎದುರಿಗೇ ಇದೆ. ಮಳೆ ಯಾರ ಕೈಯಲ್ಲೂ ಇಲ್ಲ. ಕಂಡಿ ಶುಚಿ ಮಾಡಿಸುವುದು ಮಾಲೀಕರ ಕೈಯಲ್ಲಿತ್ತು.

ಹಾಗಿದ್ದರೆ ಜನ ಯಾಕೆ ದಾವೆ ಹೂಡುವುದಿಲ್ಲ? ಅಂಜಿಕೆ ಒಂದು ಕಾರಣ. ಹಮ್ದಾನ್ ಸ್ಟ್ರೀಟ್, ಎಲೆಕ್ಟ್ರಾ, ಟೂರಿಸ್ಟ್ ಕ್ಲಬ್ ಎಂದೇ ಹಳಬರು ಕರೆಯುವ ಅಲ್ ಜಾಹಿಯಾ, ಇಲ್ಲೆಲ್ಲ ಒಂದೇ ಫ್ಲಾಟನ್ನು ಪಾರ್ಟಿಶನ್ ಮಾಡಿ ಬೆಡ್‌ಸ್ಪೇಸ್ ಕೊಟ್ಟವರು ಸಾಕಷ್ಟು ಮಂದಿ. ಬಾಡಿಗೆ ಕರಾರಿನ ತೌತೀಕ್ ನೋಂದಣಿಯಲ್ಲಿ ಒಬ್ಬನ ಹೆಸರು, ಮನೆಯಲ್ಲಿ ಹತ್ತು ಜನರ ಸಾಮಾನು. ಅನುಮತಿಯಿಲ್ಲದ ಉಪಬಾಡಿಗೆಗೂ ಮಿತಿಮೀರಿದ ವಾಸಕ್ಕೂ ದೊಡ್ಡ ದಂಡವಿದೆ. ಆದ್ದರಿಂದ ಮಂಚ ನೆನೆದವನು ದೂರು ಕೊಟ್ಟರೆ ಮಂಚದ ಜೊತೆ ಸೂರೂ ಹೋಗುತ್ತದೆ. ಈ ಅಂಜಿಕೆ ಮಾಲೀಕರಿಗೂ ಗೊತ್ತು, ಮುಖ್ಯ ಬಾಡಿಗೆದಾರನಿಗೂ ಗೊತ್ತು, ಇಬ್ಬರೂ ಅದರ ಮೇಲೆಯೇ ನಿಶ್ಚಿಂತೆಯಾಗಿದ್ದಾರೆ. ಹಾನಿಯ ಪರಿಹಾರಕ್ಕೆ ಬಾಡಿಗೆ ಚೀಟಿ ಆಧಾರವಲ್ಲ, ಹಾನಿಯೇ ಆಧಾರ. ಆದರೆ ಹೆದರಿದವನಿಗೆ ಈ ಮಾತು ಹೇಳಿದರೆ ಅವನ ಹೆದರಿಕೆ ಹೋಗುವುದಿಲ್ಲ. ಅಧಿಕೃತವಾಗಿ, ಅಗ್ಗವಾಗಿ ಬದುಕಲು ಮನೆ ಸಿಕ್ಕಿದರೆ ಮಾತ್ರ ಹೋಗುತ್ತದೆ.

ಇನ್ನೊಂದು ಕಾರಣ ಖರ್ಚು, ಮತ್ತು ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಮೊತ್ತ 50,000 ದಿರ್ಹಮ್ ಮೀರದ ದಾವೆಯಲ್ಲಿ ಮೊದಲ ತೀರ್ಪೇ ಅಂತಿಮ, ಮೇಲ್ಮನವಿಯ ಅಲೆದಾಟವಿಲ್ಲ. ಬಡವನಿಗೆ ಇದು ನಿಜವಾದ ಉಪಕಾರ. ಆದರೆ ಆ ತೀರ್ಪಿನವರೆಗೆ ಹೋಗುವ ದಾರಿ ಅಗ್ಗವಲ್ಲ. ಕಾಗದಪತ್ರಗಳು ಅರಬ್ಬಿಗೆ ಆಗಬೇಕು, ಅದೂ ಪರವಾನಗಿ ಪಡೆದ ಅನುವಾದಕರಿಂದ. ನೀರು ಎಲ್ಲಿಂದ ಬಂತು, ವಸ್ತುವಿನ ಬೆಲೆ ಎಷ್ಟು ಎಂಬ ಪ್ರಶ್ನೆ ಎದ್ದರೆ ನ್ಯಾಯಾಲಯ ತಜ್ಞರನ್ನು ನೇಮಿಸುತ್ತದೆ, ಅವರ ಶುಲ್ಕವನ್ನು ಸಾಮಾನ್ಯವಾಗಿ ದಾವೆ ಹೂಡಿದವನೇ ಮೊದಲು ಕಟ್ಟಬೇಕು. ನಾಲ್ಕು ಸಾವಿರ ದಿರ್ಹಮ್‌ನ ಸಾಮಾನು ಕಳೆದುಕೊಂಡವನು ಅಷ್ಟೇ ದುಡ್ಡನ್ನು ಮುಂಗಡವಾಗಿ ಎಲ್ಲಿಂದ ತರುತ್ತಾನೆ? ಸಣ್ಣ ಮೊತ್ತದ ದಾವೆಗಳಲ್ಲಿ ತಜ್ಞರ ಮುಂಗಡವನ್ನು ಕಟ್ಟಡದ ಮಾಲೀಕರೇ ಕಟ್ಟುವಂತಾಗಬೇಕು. ಪೈಪುಗಳ ನಕ್ಷೆ, ದುರಸ್ತಿಯ ದಾಖಲೆ, ದೂರುಗಳ ಪಟ್ಟಿ ಎಲ್ಲವೂ ಇರುವುದು ಅವರ ಬಳಿ. ಅವರ ತಪ್ಪಿಲ್ಲವೆಂದು ತೀರ್ಪಾದರೆ ಹಣ ವಾಪಸು ಪಡೆಯಲಿ.

ಹಮ್ದಾನ್ ಸ್ಟ್ರೀಟಿನ ಪೂರ್ವದ ತುದಿಯಿಂದ ಮುಂದೆ ಸೇತುವೆ ದಾಟಿದರೆ ಅಲ್ ಮರಿಯಾ ದ್ವೀಪ. ಅಲ್ಲಿಯ ಅಬುಧಾಬಿ ಗ್ಲೋಬಲ್ ಮಾರ್ಕೆಟ್ ಎಂಬ ಹಣಕಾಸು ವಲಯದ ನ್ಯಾಯಾಲಯ 2015ರ ನಿಯಮಗಳಂತೆ ಇಂಗ್ಲೆಂಡಿನ ಕಾಮನ್ ಲಾ ಅನ್ನು ನೇರವಾಗಿ ಅನ್ವಯಿಸುತ್ತದೆ, ಸಣ್ಣ ದಾವೆಗಳಿಗೇ ಒಂದು ವಿಭಾಗ ಇಟ್ಟಿದೆ. ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಬಾಟಲಿಯೊಳಗಿನ ಬಸವನಹುಳುವಿನಿಂದ ಶುರುವಾಗಿ 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ನಿರ್ಲಕ್ಷ್ಯದ ತತ್ವ ಆ ದ್ವೀಪದಲ್ಲಿ ಜೀವಂತ ಕಾನೂನು. ದುಬೈನ ಇಂಥದೇ ವಲಯವಾದ ಡಿಐಎಫ್‌ಸಿಯ ನ್ಯಾಯಾಲಯದ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯುನಲ್ 5 ಲಕ್ಷ ದಿರ್ಹಮ್‌ವರೆಗಿನ ದಾವೆಗಳನ್ನು ಇಂಗ್ಲಿಷಿನಲ್ಲಿ ಆಲಿಸುತ್ತದೆ. ಮೊದಲು ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ನೋಡುತ್ತದೆ, ಅನುಮತಿಯಿಲ್ಲದೆ ವಕೀಲರನ್ನು ಒಳಗೆ ಬಿಡುವುದಿಲ್ಲ, ಹೆಸರು ಮರೆಸಿ ತೀರ್ಪನ್ನು ಪ್ರಕಟಿಸುತ್ತದೆ. ಇದೆಲ್ಲ ಮೆಚ್ಚತಕ್ಕದ್ದು. ಆದರೆ ಈ ಬಾಗಿಲುಗಳು ತೆರೆಯುವುದು ಆ ವಲಯಗಳ ಕಂಪನಿಗಳಿಗೆ, ನಿವಾಸಿಗಳಿಗೆ, ಇಲ್ಲವೇ ಆ ನ್ಯಾಯಾಲಯವೇ ಸಾಕೆಂದು ಬರಹದಲ್ಲಿ ಒಪ್ಪಿಕೊಂಡವರಿಗೆ. ಹಮ್ದಾನ್ ಸ್ಟ್ರೀಟಿನ ಸಲೂನಿನವನಿಗೂ ಕೆಫೆಟೇರಿಯಾದವನಿಗೂ ಅಲ್ಲ. ಒಂದು ಸೇತುವೆಯ ಆಚೆ ಬ್ಯಾಂಕಿನ ಅಧಿಕಾರಿಗೆ ಸಿಗುವ ಸರಳ ವಿಚಾರಣೆ ಈಚೆಯವನಿಗೂ ಸಿಗಬೇಕು. ಅಬುಧಾಬಿ ನ್ಯಾಯಾಂಗ ಇಲಾಖೆಗೆ ಇದು ಆಗದ ಕೆಲಸವಲ್ಲ. 2019ರಲ್ಲಿ ಕಾರ್ಮಿಕ ದಾವೆಗಳ ನಮೂನೆಗಳಿಗೆ ಅರಬ್ಬಿ, ಇಂಗ್ಲಿಷ್ ಜೊತೆ ಹಿಂದಿಯನ್ನೂ ಸೇರಿಸಿ ಇಡೀ ಕೊಲ್ಲಿಗೆ ಮಾದರಿಯಾದ ಇಲಾಖೆ ಅದು. ಸಣ್ಣ ಹಾನಿಯ ದಾವೆಗಳಿಗೂ ಅದೇ ಕೈ ಚಾಚಲಿ.

ನಮ್ಮವರ ತಪ್ಪನ್ನೂ ಹೇಳದೆ ಬಿಡಲಾಗದು. ಹಾನಿಯಾದ ಗಳಿಗೆಯಲ್ಲಿ ಫೋಟೊ ತೆಗೆಯುವುದಿಲ್ಲ. ಸಾಮಾನಿನ ಬಿಲ್ಲು ಇಟ್ಟಿರುವುದಿಲ್ಲ. ಮೆಂಟೆನೆನ್ಸ್‌ಗೆ ಫೋನಿನಲ್ಲಿ ಹೇಳಿ ಸುಮ್ಮನಾಗುತ್ತಾರೆ, ದೂರಿನ ನಂಬರು ಕೇಳುವುದಿಲ್ಲ. 2022ರ ಸಾಕ್ಷ್ಯ ಕಾನೂನು ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. ತಾರೀಖಿರುವ ಒಂದು ವಾಟ್ಸಾಪ್ ಸಂದೇಶ ಹತ್ತು ಮಂದಿಯ ಬಾಯಿಮಾತಿಗಿಂತ ಹೆಚ್ಚು ತೂಗುತ್ತದೆ. ಹಾನಿಯೂ ಹಾನಿ ಮಾಡಿದವನೂ ಗೊತ್ತಾದ ಮೂರು ವರ್ಷಗಳಲ್ಲಿ ದಾವೆ ಹೂಡದಿದ್ದರೆ ಹಕ್ಕು ಮುಳುಗುತ್ತದೆ ಎಂಬ ನಿಯಮವನ್ನು 1985ರ ಸಂಹಿತೆಯೇ ಹಾಕಿತ್ತು, ಅದೂ ಹಲವರಿಗೆ ತಿಳಿದಿಲ್ಲ. ಬದಲಿಗೆ ಸಿಟ್ಟಿನಲ್ಲಿ ಮಾಲೀಕರ ಹೆಸರು ಹಿಡಿದು ಫೇಸ್‌ಬುಕ್ಕಿನಲ್ಲಿ ಬೈಯುತ್ತಾರೆ. ಇಲ್ಲಿ ಆನ್‌ಲೈನ್ ನಿಂದನೆ ಅಪರಾಧ. ಮಂಚ ಕಳೆದುಕೊಂಡವನೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ.

ವರ್ಷಕ್ಕೊಮ್ಮೆ ರಾಜ್ಯೋತ್ಸವವನ್ನು ವೈಭವದಿಂದ ಮಾಡುವ ನಮ್ಮ ಸಂಘಗಳಲ್ಲಿ ವಕೀಲರಿದ್ದಾರೆ, ಅರಬ್ಬಿ ಬಲ್ಲವರಿದ್ದಾರೆ, ಟೈಪಿಂಗ್ ಸೆಂಟರ್ ನಡೆಸುವವರಿದ್ದಾರೆ. ಭಾನುವಾರ ಎರಡು ಗಂಟೆ ಒಂದು ಮೇಜು ಹಾಕಿ ಕೂತು, ಬಂದವರ ಕಾಗದ ಓದಿ, ಯಾವ ಬಾಗಿಲು ತಟ್ಟಬೇಕೆಂದು ಕನ್ನಡದಲ್ಲಿ ಹೇಳಲಿ. ಭಾರತೀಯ ದೂತಾವಾಸದ ಕಾನೂನು ಸಲಹೆಯ ನೆರವಿದೆ. ಅಲ್ಲಿಗೆ ಹೋಗುವ ಮುನ್ನ ತಾಯ್ನುಡಿಯಲ್ಲಿ ವಿಷಯ ತಿಳಿಯುವುದೇ ಅರ್ಧ ಧೈರ್ಯ.

ಕೊನೆಗೆ, ಬೆಡ್‌ಸ್ಪೇಸ್ ಕೊಟ್ಟು ಬಾಡಿಗೆ ಎಣಿಸಿಕೊಂಡು, ಸೋರುವ ಎಸಿಯನ್ನೂ ಸುಟ್ಟ ಪ್ಲಗ್ಗನ್ನೂ ರಿಪೇರಿ ಮಾಡಿಸದೆ, ಅನಾಹುತವಾದ ಮೇಲೆ ವೀಸಾ ರದ್ದು ಮಾಡಿಸಿ ಊರಿಗೆ ವಿಮಾನ ಹತ್ತುವವರಿಗೆ ಒಂದು ಮಾತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ, ಮುಚ್ಚಿಡುವುದಿಲ್ಲ. 2020ರ ಜನವರಿಯಲ್ಲಿ ಭಾರತ ಸರ್ಕಾರ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಪರಸ್ಪರ ಮಾನ್ಯತೆಯ ಪ್ರದೇಶವೆಂದು ಅಧಿಸೂಚಿಸಿತು. ಅಬುಧಾಬಿಯ ನ್ಯಾಯಾಲಯ ಕೊಟ್ಟ ಹಣದ ಡಿಕ್ರಿಯ ದೃಢೀಕೃತ ಪ್ರತಿಯನ್ನು ಮಂಗಳೂರಿನ ಅಥವಾ ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹಾಕಿದರೆ, ಅದು ಅಲ್ಲಿಯದೇ ಡಿಕ್ರಿ ಎಂಬಂತೆ ಅಮಲ್ಜಾರಿಗೆ ಬರುತ್ತದೆ. ಅಷ್ಟರಲ್ಲಿ ಕಟ್ಟಿಸಿದ ಹೊಸ ಮನೆ ಜಪ್ತಿಗೆ ಬಂದರೆ ದೂರಲು ಯಾರೂ ಸಿಗುವುದಿಲ್ಲ.