ನೂರು ಗಜ ದಾಟಿದ ಮೇಲೆ

ಹಳೇ ವೆಸ್ಟರ್ನ್ ಸಿನಿಮಾ ನೋಡಿದವರಿಗೆ ಈ ಬಂದೂಕು ಗೊತ್ತಿರುತ್ತೆ. ಟ್ರಿಗರ್ ಸುತ್ತ ಒಂದು ಕಬ್ಬಿಣದ ಬಳೆ. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಕುದುರೆ ಮೇಲೆ ಕೂತ ಹೀರೋ ಎಷ್ಟು ದೂರದ ವಿಲನ್‌ನನ್ನಾದರೂ ಇದರಲ್ಲೇ ಉರುಳಿಸ್ತಾನೆ. ಸಿನಿಮಾ ಬಿಡಿ, ಅಮೆರಿಕದ ಹಳ್ಳಿಗಾಡಿನಲ್ಲಿ ಅಜ್ಜನ ಕಾಲದ ಲಿವರ್ ಆ್ಯಕ್ಷನ್ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋಗೋರು ಇವತ್ತಿಗೂ ಇದ್ದಾರೆ. ಅವರಿಗೆ ಬೇಕಾಗಿರೋದು ಒಂದೇ ಉತ್ತರ: ಇದನ್ನು ನಂಬಿ ಎಷ್ಟು ದೂರ ಹೊಡೀಬಹುದು?

ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ಮಾದರಿಯನ್ನೇ ತಗೊಳ್ಳಿ. 70 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಇದರಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಸಿಡಿಮದ್ದಿಗೆ ತಾಗಿಕೊಂಡೇ ಇರುತ್ತೆ. ಮೂತಿ ಚೂಪಾಗಿದ್ದರೆ ಬಂದೂಕು ಕುಲುಕಿದಾಗ ಕೊಳವೆಯೊಳಗೇ ಸಿಡಿಯುವ ಅಪಾಯ. ಅದಕ್ಕೇ ಮೊಂಡು ಮೂತಿ. ಮೊಂಡು ಮೂತಿಗೆ ಗಾಳಿಯ ತಡೆ ಜಾಸ್ತಿ. ಥರ್ಟಿ-ಥರ್ಟಿ ತೋಟಾದ 170 ಗ್ರೇನ್ ಗುಂಡು ಸೆಕೆಂಡಿಗೆ 2200 ಅಡಿ ವೇಗದಲ್ಲಿ ಹೊರಟರೆ, 200 ಗಜ ತಲುಪುವಾಗ ಸುಮಾರು 1600 ಅಡಿಗೆ ಇಳಿದಿರುತ್ತೆ.

100 ಗಜಕ್ಕೆ ಗುರಿ ಹೊಂದಿಸಿಟ್ಟರೆ ಅದೇ ಗುಂಡು 200 ಗಜದಲ್ಲಿ ಸುಮಾರು 9 ಇಂಚು ಕೆಳಗೆ ಬೀಳುತ್ತೆ, 250ರಲ್ಲಿ 18 ಇಂಚು, 300ರಲ್ಲಿ ಎರಡೂವರೆ ಅಡಿ. ಜಿಂಕೆಯ ಹೃದಯ, ಶ್ವಾಸಕೋಶದ ಜಾಗ ಹೆಚ್ಚೆಂದರೆ ಒಂದು ಊಟದ ತಟ್ಟೆಯಷ್ಟು. 250 ಗಜ ದೂರದ ಜಿಂಕೆಯನ್ನು 200 ಅಂತ ಅಂದಾಜಿಸಿ 9 ಇಂಚು ಮೇಲೆ ಗುರಿ ಇಟ್ಟರೂ ಗುಂಡು ಇನ್ನೂ 9 ಇಂಚು ಕೆಳಗೇ ಹೋಗುತ್ತೆ. ಕಾಲು ಮುರಿದ ಪ್ರಾಣಿ ಕಾಡೊಳಗೆ ಓಡಿ ನರಳಿ ಸಾಯುತ್ತೆ. ಬೇಟೆ ಸರಿಯೋ ತಪ್ಪೋ ಅನ್ನೋದು ಬೇರೆ ಜಗಳ. ಹೊಡೆಯೋನಾದರೆ ಈ ಲೆಕ್ಕ ಗೊತ್ತಿರಲೇಬೇಕು.

ಹಾಗಾದ್ರೆ ಏನು ಸುಧಾರಿಸಬಹುದು? ನನ್ನ ಪ್ರಕಾರ ಮೊದಲ ದುಡ್ಡು ಹೋಗಬೇಕಾದದ್ದು ಪೀಪ್ ಸೈಟ್‌ಗೆ. ಕಾರ್ಖಾನೆಯಿಂದ ಬರುವ ಹಿಂದಿನ ಸೈಟ್ ನಳಿಗೆಯ ಮಧ್ಯದಲ್ಲೆಲ್ಲೋ ಇರುತ್ತೆ. ಸಣ್ಣ ತೂತಿನ ಪೀಪ್ ಸೈಟ್ ಕಣ್ಣಿನ ಹತ್ತಿರ ಕೂರುತ್ತೆ. ಎರಡು ಸೈಟ್‌ಗಳ ನಡುವಿನ ಅಂತರ ಹೆಚ್ಚಾದಷ್ಟೂ ಗುರಿಯ ತಪ್ಪು ಕಡಿಮೆ, ತೂತಿನ ನಡುಭಾಗವನ್ನು ಕಣ್ಣು ತಾನಾಗೇ ಹುಡುಕಿಕೊಳ್ಳುತ್ತೆ. ಟೆಲಿಸ್ಕೋಪ್ ಹಾಕ್ತೀನಿ ಅಂದ್ರೆ ಹಳೇ ವಿಂಚೆಸ್ಟರ್ ಒಪ್ಪಲ್ಲ, ಖಾಲಿ ತೋಟಾ ನೇರ ಮೇಲಕ್ಕೇ ಎಗರುತ್ತೆ. 1948ರ ಮಾರ್ಲಿನ್ 336 ಪಕ್ಕಕ್ಕೆ ಎಸೆಯುತ್ತೆ, ಅದಕ್ಕೆ ಆ ತೊಂದರೆ ಇಲ್ಲ.

ಇನ್ನೊಂದು ತಲೆನೋವು ನಳಿಗೆಯದ್ದು. ಕೊಳವೆ, ಮುಂಗೈ ಹಿಡಿಯುವ ಮರ ಎರಡನ್ನೂ ಪಟ್ಟಿ ಹಾಕಿ ನಳಿಗೆಗೇ ಬಿಗಿದಿರುತ್ತಾರೆ. ನಾಲ್ಕೈದು ಗುಂಡು ಹಾರಿಸಿದರೆ ನಳಿಗೆ ಕಾದು ಹಿಗ್ಗುತ್ತೆ, ಪಟ್ಟಿಗಳು ಬಿಡಲ್ಲ, ಗುಂಡು ಬೀಳುವ ಜಾಗ ಸರಿಯುತ್ತಾ ಹೋಗುತ್ತೆ. ಬಡಪಾಯಿ ಸೈಟನ್ನು ತಿರುಗಿಸುತ್ತಾ ಕೂತರೆ ಪ್ರಯೋಜನ ಇಲ್ಲ. ಮೂರು ಗುಂಡು ಹೊಡೆದು ತಣ್ಣಗಾಗಲು ಬಿಡಬೇಕು. ಮರಳುಚೀಲದ ಮೇಲೆ ನಳಿಗೆ ಇಡಬಾರದು, ಮರದ ಭಾಗ ಇಡಬೇಕು, ಪ್ರತಿ ಸಲ ಅದೇ ಜಾಗದಲ್ಲಿ.

ಮೆತ್ತನೆ ಪ್ಲಾಸ್ಟಿಕ್ ತುದಿಯ ಚೂಪು ಗುಂಡನ್ನು ಹಾರ್ನಡಿ ಕಂಪನಿ 2000ರ ದಶಕದಲ್ಲಿ ತಂತು. ಕೊಳವೆಯಲ್ಲಿ ಸುರಕ್ಷಿತ, ದೂರಕ್ಕೂ ವಾಸಿ. ಆದರೆ ಹಾಕಿದ ಮೇಲೆ ಗುರಿಯನ್ನು ಮತ್ತೆ ಹೊಂದಿಸಿಕೊಳ್ಳಬೇಕು.

ಪ್ರಾಣಿಗೆ ನೋವಾಗದೆ ಕೈ ಪಳಗಬೇಕು ಅಂದ್ರೆ ಅಲ್ಲಿ ಕೌಬಾಯ್ ಸಿಲ್ಹೌಟ್ ಅಂತ ಸ್ಪರ್ಧೆ ಇದೆ. ಉಕ್ಕಿನ ಕೋಳಿ 50 ಮೀಟರ್‌ನಲ್ಲಿ, ಹಂದಿ 100ರಲ್ಲಿ, ಟರ್ಕಿ 150ರಲ್ಲಿ, ಟಗರು 200ರಲ್ಲಿ. ನಿಂತುಕೊಂಡೇ, ಟೆಲಿಸ್ಕೋಪ್ ಇಲ್ಲದೆ ಹೊಡೀಬೇಕು. ಬರೀ ತಾಗಿದರೆ ಸಾಲದು, ಉರುಳಬೇಕು. ಆ ಟಗರನ್ನು ಹತ್ತರಲ್ಲಿ ಎಷ್ಟು ಸಲ ಉರುಳಿಸ್ತೀನಿ ಅಂತ ಎಣಿಸಿಕೊಂಡವನಿಗೆ ಜಿಂಕೆ ಎದುರು ಬಂದಾಗ ಬಂದೂಕು ಎತ್ತಬೇಕೋ ಇಳಿಸಬೇಕೋ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.