ಗುಡ್ಡದ ಬೆಂಕಿ, ಮಕ್ಕಳ ಉಸಿರು

ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ನಮ್ಮ ನಾಡಿನ ಗುಡ್ಡ-ಕಾಡುಗಳಿಗೆ ಬೆಂಕಿಯ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಗದಗ ಸೀಮೆಯ ಕಪ್ಪತಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದ ಸುದ್ದಿಯಂತೂ ಬೇಸಿಗೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಸುಟ್ಟ ಎಕರೆಗಳನ್ನು ನಾವು ಎಣಿಸುತ್ತೇವೆ. ಆ ಹೊಗೆಯನ್ನು ಉಸಿರಾಡಿದ ಮಕ್ಕಳ ಲೆಕ್ಕ ಇಡುವುದಿಲ್ಲ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಬೂದಿಗಿಂತ ಕಾಣದ ಕಣವೇ ಅಪಾಯಕಾರಿ. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗದಷ್ಟು, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದಾದ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲವು. ಮಕ್ಕಳು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ. ದೇಹದ ತೂಕಕ್ಕೆ ಹೋಲಿಸಿದರೆ ಹೆಚ್ಚು ಗಾಳಿಯನ್ನು ಒಳಗೆಳೆಯುತ್ತಾರೆ. ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಬೆಂಕಿ ದೂರದಲ್ಲಿದೆ ಎಂಬ ಸಮಾಧಾನವೂ ಸಲ್ಲದು. 2023ರ ಜೂನ್‌ನಲ್ಲಿ ಕೆನಡಾದ ಕಾಡುಗಳ ಹೊಗೆ ನೂರಾರು ಮೈಲು ದಾಟಿ ನ್ಯೂಯಾರ್ಕಿನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಅಲ್ಲಿನ ಶಾಲೆಗಳು ಮಕ್ಕಳ ಹೊರಾಂಗಣ ಚಟುವಟಿಕೆಯನ್ನೇ ನಿಲ್ಲಿಸಿದವು.

ಈ ಮಾತು ಮಠಗಳಿಗೆ ನೇರವಾಗಿ ಸಂಬಂಧಿಸಿದ್ದು. ಸಾವಿರಾರು ಬಡಮಕ್ಕಳು ನಮ್ಮ ಪ್ರಸಾದನಿಲಯಗಳಲ್ಲಿ ಉಣ್ಣುತ್ತಾರೆ, ಓದುತ್ತಾರೆ, ಮಲಗುತ್ತಾರೆ. ಎಲ್ಲಿ ಉಸಿರಾಡಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿಲ್ಲ. ಆ ಹೊಣೆ ನಮ್ಮದು. ರಾತ್ರಿ ತಣ್ಣನೆಯ ಗಾಳಿ ಕೆಳಗೆ ನಿಲ್ಲುವುದರಿಂದ ಗುಡ್ಡದ ಹೊಗೆ ತಗ್ಗಿನ ಊರಿಗಿಳಿದು ಬೆಳಗಿನವರೆಗೂ ಅಲ್ಲೇ ಕೂರುತ್ತದೆ. ನಮ್ಮ ಮಕ್ಕಳನ್ನು ವ್ಯಾಯಾಮಕ್ಕೂ ಓಟಕ್ಕೂ ಬಯಲಿಗೆ ಬಿಡುವುದು ಅದೇ ಹೊತ್ತಿನಲ್ಲಿ. ಓಡುವ ಮಗು ಕುಳಿತ ಮಗುವಿಗಿಂತ ಹಲವು ಪಟ್ಟು ಹೊಗೆ ಕುಡಿಯುತ್ತದೆ. ಹೊಗೆ ಕವಿದ ದಿನ ಬಯಲಾಟ ಬೇಡ. ಒಂದು ಕೋಣೆಯ ಕಿಟಕಿ-ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಇಟ್ಟು, ಮಕ್ಕಳನ್ನು ಅಲ್ಲಿ ಕೂರಿಸಬೇಕು. ನೆಲವನ್ನು ಗುಡಿಸುವ ಬದಲು ಒರೆಸಬೇಕು. ಆ ಕೋಣೆಯಲ್ಲಿ ಊದುಬತ್ತಿ, ಕರ್ಪೂರ, ಸೊಳ್ಳೆಬತ್ತಿ ಹಚ್ಚಬಾರದು. ಸೆಕೆಗೆ ಫ್ಯಾನ್ ಸಾಕು. ಹೊಗೆ ತಿಳಿಯಾದೊಡನೆ ಕಿಟಕಿ ತೆರೆಯಲಿ.

ಹಳೆಯದು ಎಂಬ ಕಾರಣಕ್ಕೇ ಯಾವ ನಂಬಿಕೆಯನ್ನೂ ಒಪ್ಪದ ಪರಂಪರೆ ನಮ್ಮದು. ಮೂಗಿಗೆ ಒದ್ದೆ ಟವೆಲ್ ಕಟ್ಟಿದರೆ ಸಾಕು ಎನ್ನುತ್ತಾರೆ. ಬಟ್ಟೆ ಈ ಸೂಕ್ಷ್ಮ ಕಣಗಳನ್ನು ತಡೆಯದು. ಎನ್-95 ಮಾಸ್ಕ್ ತಡೆಯುತ್ತದೆ, ಆದರೆ ದೊಡ್ಡವರ ಅಳತೆಯದು ಮಗುವಿನ ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. ಎರಡು ವರ್ಷದೊಳಗಿನ ಕೂಸಿಗಂತೂ ಮಾಸ್ಕ್ ಹಾಕಲೇಬಾರದು. ಬೆಲ್ಲ ತಿಂದರೆ ಹೊಗೆ ಇಳಿಯುತ್ತದೆ ಎನ್ನುತ್ತಾರೆ. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ಎಲ್ಲಕ್ಕಿಂತ ಕೆಟ್ಟದ್ದು, ಇನ್‌ಹೇಲರ್ ಚಟವಾಗುತ್ತದೆ ಎಂಬ ಭಯ. ಅದು ಚಟವಲ್ಲ, ಔಷಧ. ಉಬ್ಬಸವಿರುವ ಮಕ್ಕಳ ಪಟ್ಟಿ ಪ್ರತಿ ನಿಲಯದಲ್ಲೂ ಇರಲಿ. ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಬೀಗದ ಪೆಟ್ಟಿಗೆಯಲ್ಲಿರದೆ ಕೈಗೆ ಸಿಗುವಂತಿರಲಿ. ಉಸಿರೆಳೆದಾಗ ಪಕ್ಕೆ ಒಳಸರಿದರೆ, ತುಟಿ ನೀಲಿಯಾದರೆ, ಮಾತನಾಡಲೂ ಆಗದಿದ್ದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹೊಗೆಯಿಂದ ಮಕ್ಕಳನ್ನು ಕಾಪಾಡುವ ಮೊದಲ ದಾರಿ ಬೆಂಕಿಯನ್ನೇ ಹಚ್ಚದಿರುವುದು. ನಮ್ಮ ಗುಡ್ಡಗಳ ಬೆಂಕಿ ಬಹುಪಾಲು ಮನುಷ್ಯರು ಹಚ್ಚಿದ್ದು: ಎಸೆದ ಬೀಡಿ, ಹೊಲದ ಬದುವಿನಿಂದ ಹಬ್ಬಿದ ಕಿಡಿ, ಗುಡ್ಡ ಸುಟ್ಟರೆ ಹುಲ್ಲು ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆ. ಗಣಿಗಾರಿಕೆಯಿಂದ ಕಪ್ಪತಗುಡ್ಡವನ್ನು ಉಳಿಸಲು ಲಿಂಗೈಕ್ಯ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಜನರೊಂದಿಗೆ ನಿಂತರು. ಕಂಪನಿಯ ವಿರುದ್ಧ ನಿಲ್ಲಲು ಕಲಿತ ನಾವು ನಮ್ಮದೇ ಕೈಯ ಕಡ್ಡಿಪೆಟ್ಟಿಗೆಯ ವಿರುದ್ಧವೂ ನಿಲ್ಲಬೇಡವೇ? ಬೇಸಿಗೆ ಮುಗಿಯುವವರೆಗೆ ಪ್ರತಿ ಮಠದ ಅನುಭಾವಗೋಷ್ಠಿಯಲ್ಲಿ ಈ ಮಾತಿಗೆ ಹತ್ತು ನಿಮಿಷ ಮೀಸಲಿಡೋಣ. ಹಸಿದ ಮಗುವಿಗೆ ಅನ್ನ ನೀಡುವುದು ದಾಸೋಹ. ಆ ಮಗುವಿಗೆ ಶುದ್ಧ ಗಾಳಿ ಉಳಿಸಿಕೊಡುವುದೂ ದಾಸೋಹವೇ.