ಬಸ್ಸಿನಲ್ಲಿ ಬರುವ ಲಾಜಿಕ್ ಪರೀಕ್ಷೆಯಲ್ಲಿ ಯಾಕೆ ಬರಲ್ಲ?

ಆಗಸ್ಟ್ ಬಂತು ಅಂದ್ರೆ ಐಟಿ ಆಫೀಸುಗಳ ಕ್ಯಾಂಟೀನಿನಲ್ಲಿ ಕ್ಯಾಟ್ ಪರೀಕ್ಷೆಯ ಮಾತು ಶುರು. ನಾಲ್ಕೈದು ವರ್ಷ ಕೋಡ್ ಬರೆದು ಬೇಸತ್ತವರು ಐಐಎಂಗೆ ಒಂದು ಕೈ ನೋಡೋಣ ಅಂತ ಅರ್ಜಿ ತೆಗೆಯುವ ಕಾಲ ಇದು. ಇವರಲ್ಲಿ ಬಹಳ ಜನಕ್ಕೆ ಭಯ ಇರೋದು ಗಣಿತದ್ದಲ್ಲ, ನಡುವೆ ಬರುವ 40 ನಿಮಿಷದ ಡಿಐಎಲ್‌ಆರ್ ಭಾಗದ್ದು. ಒಂದಿಷ್ಟು ಷರತ್ತು, ಒಂದು ಟೇಬಲ್ಲು, ಯಾರು ಎಲ್ಲಿ ಕೂತಿದ್ದಾರೆ ಅನ್ನೋ ಪ್ರಶ್ನೆಗಳು.

ನಮ್ಮ ಟೀಮಿನ ಟೆಸ್ಟರ್ ಒಬ್ಬಳು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಈ ಸಲ ಅರ್ಜಿ ಹಾಕೋದೇ ಬೇಡ ಅಂತ ತೀರ್ಮಾನಿಸಿದ್ದಳು. "ನಂಗೆ ಲಾಜಿಕ್ ಬರಲ್ಲ ಬಿಡಿ" ಅನ್ನೋದು ಅವಳ ಕಾರಣ. ಯಾವ ನಿಯಮ ಎಲ್ಲಿ ಮುರಿಯುತ್ತೆ ಅಂತ ದಿನಕ್ಕೆ ಎಂಟು ಗಂಟೆ ಹುಡುಕಿ ಸಂಬಳ ತಗೊಳ್ಳೋ ಹುಡುಗಿ ಈ ಮಾತು ಹೇಳಿದರೆ ಒಪ್ಪೋದು ಹೇಗೆ?

ಪೀಟರ್ ವೇಸನ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1966ರಲ್ಲಿ ಪ್ರಕಟಿಸಿದ ಒಂದು ಒಗಟಿದೆ. ಕನ್ನಡಕ್ಕೆ ಹೊಂದಿಸಿ ಹೇಳ್ತೀನಿ. ಮೇಜಿನ ಮೇಲೆ ನಾಲ್ಕು ಕಾರ್ಡು: ಅ, ಕ, 4, 7. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಒಂದು ಬದಿ ಸ್ವರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಲೇಬೇಕು ಅನ್ನೋದು ನಿಯಮ. ಅದು ಪಾಲನೆಯಾಗಿದೆಯಾ ಅಂತ ತಿಳಿಯಲು ಯಾವ ಕಾರ್ಡುಗಳನ್ನು ತಿರುವಿ ನೋಡಬೇಕು?

ಅವಳು ಅ ಮತ್ತು 4 ಅಂದಳು. ಬಹಳ ಜನ ಹಾಗೇ ಹೇಳೋದು. ಸರಿಯುತ್ತರ ಅ ಮತ್ತು 7. 4ರ ಹಿಂದೆ ಏನಿದ್ದರೂ ನಿಯಮ ಮುರಿಯಲ್ಲ. 7ರ ಹಿಂದೆ ಸ್ವರ ಇದ್ದರೆ ಮುರಿಯುತ್ತೆ. ಇಂಥ ಪ್ರಯೋಗಗಳಲ್ಲಿ ಸರಿಯಾಗಿ ಹೇಳಿದವರು ಸುಮಾರು ಹತ್ತರಲ್ಲಿ ಒಬ್ಬರು.

ಈಗ ಬಸ್ ಹತ್ತೋಣ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮಗೆಲ್ಲ ಗೊತ್ತಿರುವ ನಿಯಮ: ಕೈಯಲ್ಲಿ ಝೀರೋ ಟಿಕೆಟ್ ಇದ್ದರೆ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇರಬೇಕು. ಚೆಕಿಂಗ್‌ನವರು ಹತ್ತಿದರು. ಒಬ್ಬಾಕೆ ಝೀರೋ ಟಿಕೆಟ್ ಹಿಡಿದಿದ್ದಾರೆ. ಇನ್ನೊಬ್ಬರ ಹತ್ತಿರ ದುಡ್ಡು ಕೊಟ್ಟ ಟಿಕೆಟ್. ಮೂರನೆಯವರು ಮಂಡ್ಯ ವಿಳಾಸದ ಆಧಾರ್ ತೋರಿಸುತ್ತಿದ್ದಾರೆ, ನಾಲ್ಕನೆಯವರದ್ದು ಹೊಸೂರಿನ ಆಧಾರ್. ಇನ್ನೂ ಯಾರನ್ನು ವಿಚಾರಿಸಬೇಕು?

ನಾನು ಮುಗಿಸೋ ಮೊದಲೇ ಅವಳು ಹೇಳಿದಳು: ಮೊದಲನೆಯವರ ಆಧಾರ್, ಹೊಸೂರಿನವರ ಟಿಕೆಟ್. ಮಂಡ್ಯದವರ ತಂಟೆಗೆ ಯಾಕೆ ಹೋಗಬೇಕು, ಅವರ ಕೈಲಿ ಯಾವ ಟಿಕೆಟ್ ಇದ್ರೂ ಏನಂತೆ?

ಇದು ಅದೇ ಒಗಟು. ಝೀರೋ ಟಿಕೆಟ್ ಅಂದರೆ ಅ, ಮಂಡ್ಯ ಅಂದರೆ 4, ಹೊಸೂರು ಅಂದರೆ 7. ಬಸ್ಸಿನ ವೇಷ ನನ್ನದು, ಉಪಾಯ ಹಳೆಯದು. ಅಮೆರಿಕದ ಫ್ಲಾರಿಡಾದಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬಿಬ್ಬರು ಕಾರ್ಡಿನ ಬದಲು ಬಿಯರ್ ಕುಡಿಯುವವರ ವಯಸ್ಸಿನ ನಿಯಮ ಇಟ್ಟು ಕೇಳಿ 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕರಲ್ಲಿ ಸುಮಾರು ಮೂವರು ಸರಿಯಾಗಿ ಹೇಳಿದ್ದರು. ಯಾಕೆ ಹೀಗೆ ಅನ್ನೋದರ ಬಗ್ಗೆ ಮನಶ್ಶಾಸ್ತ್ರಜ್ಞರಲ್ಲಿ ಇನ್ನೂ ಜಗಳವಿದೆ. ಪರೀಕ್ಷೆ ಬರೆಯೋರಿಗೆ ಅದು ಬೇಕಿಲ್ಲ. ತಲೆಯಲ್ಲಿ ಲಾಜಿಕ್ ಇದೆ, ಪ್ರಶ್ನೆ ತೊಟ್ಟಿರುವ ಬಟ್ಟೆಗೆ ಹೆದರುತ್ತೀವಿ ಅನ್ನೋದಷ್ಟು ಗೊತ್ತಾದರೆ ಸಾಕು.

ಇಂಗ್ಲಿಷ್ ಕೂಡ ಅಂಥ ಒಂದು ಬಟ್ಟೆ. 'ಇಫ್', 'ಓನ್ಲಿ ಇಫ್', 'ಅನ್‌ಲೆಸ್' ಮೂರೂ ಅವಸರದಲ್ಲಿ ಒಂದೇ ಥರ ಕಾಣಿಸುತ್ತವೆ. ಅಲ್ಲೇ ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳಿ. "ಅನಿತಾ ಬಂದರೆ ಭರತ ಬರುತ್ತಾನೆ": ಅನಿತಾ ಕಂಡರೆ ಭರತ ಇದ್ದೇ ಇದ್ದಾನೆ, ಆದರೆ ಅವನು ಒಬ್ಬನೇ ಬಂದರೂ ತಪ್ಪಿಲ್ಲ. "ಅನಿತಾ ಬಂದರೆ ಮಾತ್ರ ಭರತ ಬರುತ್ತಾನೆ": ಈಗ ಭರತ ಕಂಡರೆ ಅನಿತಾ ಇದ್ದೇ ಇದ್ದಾಳೆ, ಅನಿತಾ ಬಂದಳು ಅಂತ ಅವನು ಬರಲೇಬೇಕಿಲ್ಲ. ಒಂದು 'ಮಾತ್ರ' ಇಡೀ ಬಾಣದ ದಿಕ್ಕು ತಿರುಗಿಸಿತು. 'ಅನ್‌ಲೆಸ್' ಕಂಡರೆ 'ಬರದೇ ಇದ್ದರೆ' ಅಂತ ಓದಿಕೊಳ್ಳಿ. ಕನ್ನಡ ಮೀಡಿಯಂ ಇಲ್ಲಿ ಕೊರತೆ ಅಲ್ಲ, ಎರಡನೇ ಸಲ ಓದುವ ಅವಕಾಶ.

ನಮ್ಮಂಥ ಇಂಜಿನಿಯರುಗಳಿಗೆ ಇನ್ನೊಂದು ಕಾಯಿಲೆ ಇದೆ. ಔಟ್‌ಪುಟ್ ಒಂದೇ ಬರಬೇಕು, ಇಲ್ಲದಿದ್ದರೆ ಸಮಾಧಾನ ಇಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಬ್ಬರಂತೆ ಐವರ ಭಾಷಣ ಅಂದುಕೊಳ್ಳಿ. ಅನಿತಾಳ ಮರುದಿನವೇ ದೀಪಾ. ಚೇತನ ಅನಿತಾಗಿಂತ ಮೊದಲು. ಭರತ ಸೋಮವಾರ ಅಥವಾ ಶುಕ್ರವಾರ. ಐದನೆಯವಳು ಈಶ್ವರಿಗೆ ಷರತ್ತೇ ಇಲ್ಲ. ಕೂತು ಬರೆದರೆ ಆರು ಬೇರೆ ಬೇರೆ ಕ್ರಮ ಸಿಗುತ್ತವೆ, ಆರೂ ಸರಿ. ಆದರೆ ಚೇತನ ಯಾವ ದಿನ ಮಾತಾಡಲಾರ ಅಂತ ಕೇಳಿದರೆ ಆರನ್ನೂ ಬರೆಯಬೇಕಿಲ್ಲ. ಅವನ ನಂತರ ಇಬ್ಬರು ಬರಲೇಬೇಕು, ಹಾಗಾಗಿ ಗುರುವಾರ, ಶುಕ್ರವಾರ ಇಲ್ಲ. ಮುಗೀತು. ಈಶ್ವರಿ ಮಂಗಳವಾರ ಬರಬಹುದು ಅನ್ನೋದು ನಿಜ, ಬರಲೇಬೇಕು ಅನ್ನೋದು ಸುಳ್ಳು. ಈ 'ಬಹುದು' ಮತ್ತು 'ಲೇಬೇಕು' ನಡುವೆ ಎಷ್ಟು ಮಾರ್ಕು ಹೋಗುತ್ತೆ ಅಂತ ಒಂದು ಮಾಕ್ ಟೆಸ್ಟ್ ಬರೆದವರನ್ನು ಕೇಳಿ.

ಉಳಿದದ್ದು ಸಮಯದ ಲೆಕ್ಕ. 2024ರಲ್ಲಿ ಈ ಭಾಗದಲ್ಲಿ ಐದು ಸೆಟ್, 22 ಪ್ರಶ್ನೆ. ಸರಿಯುತ್ತರಕ್ಕೆ 3 ಅಂಕ, ಆಯ್ಕೆ ಪ್ರಶ್ನೆ ತಪ್ಪಾದರೆ ಒಂದು ಕಡಿತ, ಉತ್ತರ ಟೈಪ್ ಮಾಡುವಂಥದ್ದು ತಪ್ಪಾದರೆ ಕಡಿತವಿಲ್ಲ. ಐದೂ ಸೆಟ್ ಮುಗಿಸುತ್ತೀನಿ ಅಂತ ಹೊರಡೋದು ಹೆಚ್ಚಿನವರಿಗೆ ಆಗೋ ಕೆಲಸವಲ್ಲ. ಮೊದಲ ನಾಲ್ಕೈದು ನಿಮಿಷ ಪೆನ್ನು ಮುಟ್ಟದೆ ಎಲ್ಲ ಸೆಟ್ ಓದಿ. ಷರತ್ತು ಜಾಸ್ತಿ ಇರೋದು ಕಷ್ಟದ್ದು ಅಂತ ತಿಳೀಬೇಡಿ. ಷರತ್ತು ಕಮ್ಮಿ ಇದ್ದಷ್ಟೂ ಸಾಧ್ಯತೆಗಳು ಹರಡಿಕೊಳ್ಳುತ್ತವೆ. ಒಂದು ಸೆಟ್ಟಿನಲ್ಲಿ ಹತ್ತು ನಿಮಿಷ ಕಳೆದೂ ಒಂದು ಹೆಸರೂ ಜಾಗಕ್ಕೆ ಕೂರದಿದ್ದರೆ, ಇಷ್ಟು ಮಾಡಿದ್ದೀನಲ್ಲ ಅನ್ನೋ ಮೋಹ ಬೇಡ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಡಿ.